ಬರಿಗೈ, ಕುರ್ಪಿ, ಸೈಕಲ್ ಕುಂಟೆ: ರಾಗಿ ಹೊಲದಲ್ಲಿ ನಾನು ಕಂಡದ್ದು

ಬೇಲೂರು ಕಡೆ ನಮ್ಮದು ಅರ್ಧ ಎಕರೆ ಕೆಂಪು ಮಣ್ಣು. ಪುನರ್ವಸು ಮಳೆಗೆ ಕೂರಿಗೆಯಲ್ಲಿ ರಾಗಿ ಬಿತ್ತಿದ್ದೆವು, ಸಾಲಿಂದ ಸಾಲಿಗೆ ಒಂದು ಅಡಿ. ಕಳೆನಾಶಕ ಹೊಡೆಯುವ ಮಾತೇ ಇರಲಿಲ್ಲ. ಇದೇ ಹೊಲದ ಅಣ್ಣೆಸೊಪ್ಪು, ಗೋಣಿಸೊಪ್ಪು ನಮ್ಮ ಮನೆಯ ಬೆರಕೆಸೊಪ್ಪಿನ ಸಾರಿಗೆ ಬೀಳುತ್ತವೆ. ಬಿತ್ತಿದ 20ನೇ ದಿನದ ಹೊತ್ತಿಗೆ ಒಂದೊಂದು ಗುಂಟೆಯಲ್ಲಿ ಒಂದೊಂದು ರೀತಿ ಕಳೆ ತೆಗೆದು ನೋಡಿದೆ.

ಮೊದಲು ಬರಿಗೈ. ಒಂದು ಗುಂಟೆಗೆ 5 ಗಂಟೆ ಹಿಡಿಯಿತು. ಪಕ್ಕದ ಸಾಲು ಹಿಡಿದಿದ್ದ ದೊಡ್ಡಮ್ಮ, "ಜುಟ್ಟು ಹಿಡ್ದು ಎಳೀಬ್ಯಾಡ ಕಣಪ್ಪಾ, ಬುಡಕ್ಕೆ ಬೆರಳು ಹಾಕು" ಅಂದರು. ಮಳೆ ನಿಂತ ಮಾರನೆಯ ದಿನ, ಕೆಸರು ಕಾಲಿಗೆ ಮೆತ್ತದಷ್ಟು ಆರಿದಾಗ ಕಿತ್ತರೆ ಬೇರು ಸಮೇತ ಬರುತ್ತದೆ. ನೆಲ ಗಟ್ಟಿಯಾದರೆ ಎಲೆಯಷ್ಟೇ ಕೈಗೆ ಬಂದು ಬುಡ ಅಲ್ಲೇ ಉಳಿಯುತ್ತದೆ. ರಾಗಿ ಪೈರನ್ನೇ ಹೋಲುವ ಒಂದು ಹುಲ್ಲಿದೆ. ಅದರ ಬುಡ ಚಪ್ಪಟೆ, ಬಣ್ಣ ಬೆಳ್ಳಗೆ. ಈ ಗುರುತು ಸಿಕ್ಕಿದ್ದು ಕೂತು ಕೈಯಾಡಿಸಿದ್ದರಿಂದಲೇ. ಕಳೆ ಕಲಿಯಬೇಕೆನ್ನುವವರು ಮೊದಲ ಎರಡು ದಿನ ಬರಿಗೈಯಲ್ಲೇ ಕೀಳಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕುರ್ಪಿ ಎಂದರೆ ಕೂತು ಕಳೆ ಕೀಳುವ ಗಿಡ್ಡ ಹಿಡಿಯ ಅಲಗು. ಅದರಲ್ಲಿ ಅಷ್ಟೇ ಜಾಗಕ್ಕೆ 3 ಗಂಟೆ. ಮಂಡಿ ನೋವು ತಪ್ಪಲಿಲ್ಲ. ಆದರೆ ಗಿಡದ ಬುಡದ ಸಂದಿಗೂ ನುಗ್ಗುತ್ತದೆ, ಮಣ್ಣು ಸಡಿಲವಾಗುತ್ತದೆ. ಕುರ್ಪಿಯೂ ಸೋಲುವುದು ನೆಲದೊಳಗೆ ಗಡ್ಡೆ ಕಟ್ಟುವ ಕೊನ್ನಾರಿ ಕಳೆಯ ಮುಂದೆ. ಮೇಲಿನದನ್ನು ಕತ್ತರಿಸಿದರೆ ವಾರದೊಳಗೆ ಗಡ್ಡೆಯಿಂದ ಮತ್ತೆ ಚಿಗುರು. ಗಡ್ಡೆಗಳು ನೆಲದೊಳಗೆ ದಾರದಂಥ ಎಳೆಯಲ್ಲಿ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಒಂದನ್ನು ಎತ್ತಿದರೆ ಎಳೆ ಹರಿದು ಉಳಿದವು ಒಳಗೇ ನಿಲ್ಲುತ್ತವೆ. ಮನೆ ಹಿಂದಿನ ತರಕಾರಿ ಮಡಿಯಲ್ಲಿ ನಾಲ್ಕೈದು ಎಲೆ ಬರುವ ಮುಂಚೆಯೇ ಮತ್ತೆ ಮತ್ತೆ ಅಗೆದೆ. ಗಡ್ಡೆಯಲ್ಲಿ ಕೂಡಿಟ್ಟ ಆಹಾರ ಚಿಗುರಿಗೇ ಖರ್ಚಾಗಲಿ ಎಂಬ ಲೆಕ್ಕ. ಮೂರನೆಯ ಸಲಕ್ಕೆ ಎಲೆ ಸಣ್ಣಗಾಗಿ, ಸಂಖ್ಯೆಯೂ ಇಳಿಯಿತು.

ಸೈಕಲ್ ಕುಂಟೆ ಎಂದರೆ ಗಾಲಿಗೆ ಅಲಗು ಕಟ್ಟಿದ, ಕೈಯಲ್ಲಿ ತಳ್ಳುವ ಕುಂಟೆ. ಅದಕ್ಕೆ ಗುಂಟೆಯೊಂದಕ್ಕೆ ಮುಕ್ಕಾಲು ಗಂಟೆ ಸಾಕು, ಅದೂ ನಿಂತುಕೊಂಡೇ. ಚೆಲ್ಲಿ ಬಿತ್ತಿದ ಹೊಲಕ್ಕೆ ಇದು ಆಗದು, ಸಾಲು ಬೇಕೇ ಬೇಕು. ಸಾಲಿನೊಳಗಿನ ಕಳೆಯನ್ನು ಮುಟ್ಟುವುದಿಲ್ಲ. ಕಳೆ ನಾಲ್ಕು ಬೆರಳು ದಾಟಿದ್ದರೆ ಹುಲ್ಲು ಅಲಗಿಗೆ ಸುತ್ತಿಕೊಂಡು ಹೆಜ್ಜೆಹೆಜ್ಜೆಗೂ ನಿಲ್ಲಬೇಕು. ನಾನು ಕುಂಟೆ ಹೊಡೆದ ಸಂಜೆಯೇ ಆಶ್ಲೇಷ ಮಳೆ ಸುರಿದು, ಕಿತ್ತುಬಿದ್ದ ಗೋಣಿಸೊಪ್ಪು ಬಿದ್ದಲ್ಲೇ ಬೇರು ಬಿಟ್ಟಿತು. ಎರಡು ದಿನವಾದರೂ ಬಿಸಿಲು ಕಾಣುವಂತಿದ್ದರೆ ಮಾತ್ರ ಕುಂಟೆ ಇಳಿಸಿ. ಗರಿಕೆ ಇರುವಲ್ಲಂತೂ ಬೇಡ, ತುಂಡಾದ ಗೆಣ್ಣುಗೆಣ್ಣೂ ಹೊಸ ಗಿಡವಾಗುತ್ತದೆ. ಅದನ್ನು ಗುದ್ದಲಿಯಲ್ಲಿ ಅಗೆದು, ಬೇರು ಆರಿಸಿ ಹೊಲದಾಚೆ ಒಣಗಿಸಬೇಕು.

ಬದುವಿನ ಕಾಂಗ್ರೆಸ್ ಗಿಡಕ್ಕೆ ಮೂರರಲ್ಲಿ ಕೈಯೇ ಸರಿ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಮೈಯೆಲ್ಲ ನವೆ ಏಳಬಹುದು. ಕೈಗವಸು ಹಾಕಿ, ಹೂ ಬಿಡುವ ಮುಂಚೆ, ನೆಲ ಹಸಿಯಿದ್ದಾಗ ಕೀಳಿ.

ಈಗ ನಮ್ಮಲ್ಲಿ ಮೊದಲು ಸಾಲಿನ ನಡುವೆ ಕುಂಟೆ, ಮೂರು ದಿನದೊಳಗೆ ಸಾಲಿನೊಳಗೆ ಕುರ್ಪಿ. ಬರುವ ವರ್ಷ ಆರಿದ್ರಾ ಮಳೆಗೇ ಉತ್ತು, ಕಳೆ ಮೊಳೆಯಲು ಬಿಟ್ಟು, ಬಿತ್ತುವ ಮುನ್ನ ಒಂದು ಸಲ ಕುಂಟೆ ಹೊಡೆಯುತ್ತೇನೆ. ಸಾರಿನ ಸೊಪ್ಪಿಗೆ ಬದುವಿನ ಪಕ್ಕದ ಎರಡು ಸಾಲು ಹಾಗೇ ಬಿಡಬೇಕೆಂದು ದೊಡ್ಡಮ್ಮ ಈಗಲೇ ಹೇಳಿಟ್ಟಿದ್ದಾರೆ.