ಹರಾಜಿನ ‘ಬೆಳ್ಳಿ ಕಾಲರ್’ ಕೈಕೋಲು: ಬಿಡ್ ಮಾಡುವ ಮುಂಚೆ ದಯವಿಟ್ಟು ಇದನ್ನು ಓದಿ

ಹಳೇ ಕೈಕೋಲು, ಬೀಟೆ ಟೀಪಾಯಿ, ಇನ್‌ಲೇ (ಮರದಲ್ಲಿ ಕೊರೆದು ಕೂರಿಸಿದ ಅಲಂಕಾರ) ಇರುವ ಪೆಟ್ಟಿಗೆ ಅಂತ ಆನ್‌ಲೈನ್ ಹರಾಜು ನೋಡುತ್ತಾ ಕೂರುವವರು ಐದು ನಿಮಿಷ ಕೊಟ್ಟು ಇದನ್ನು ಓದಿ. ಬೆಂಗಳೂರಿನ ಒಂದು ಹರಾಜು ಕಂಪನಿಯಿಂದ ಕೈಕೋಲು ಕೊಂಡು ಮೋಸಹೋದೆ, ಬರೆಯೋಕೆ ನಾಚಿಕೆಯಾಗುತ್ತಿದೆ. ಆದರೆ ಅದೇ ಕಂಪನಿಯ ಹೊಸ ಕ್ಯಾಟಲಾಗಿನಲ್ಲಿ ಅವೇ ಪದಗಳು, ಅದೇ ಥರದ ಮಸುಕು ಫೋಟೋಗಳು ಮತ್ತೆ ಬಂದಿವೆ. ಸುಮ್ಮನಿದ್ದರೆ ಇನ್ನೊಬ್ಬರ ದುಡ್ಡು ಹೋಗುತ್ತದೆ.

ನಾನು ಕೊಂಡ ಕೋಲಿನ ಬಗ್ಗೆ ಕ್ಯಾಟಲಾಗಿನಲ್ಲಿ ಇದ್ದದ್ದು ಇಷ್ಟು: ‘ಮಲಕ್ಕಾ ಬೆತ್ತದ ಕೈಕೋಲು, ಎಮ್ಮೆ ಕೊಂಬಿನ ಹಿಡಿ, ಬೆಳ್ಳಿ ಕಾಲರ್, ವಿಕ್ಟೋರಿಯನ್ ಶೈಲಿ, ಸುಮಾರು 1890.’ ಕಾಲರ್ ಅಂದರೆ ಹಿಡಿ ಮತ್ತು ಕೋಲು ಕೂಡುವ ಜಾಗದ ಲೋಹದ ಪಟ್ಟಿ. ಅಂದಾಜು ಬೆಲೆ 25,000 ದಿಂದ 35,000. ಸುತ್ತಿಗೆ ಬಿದ್ದದ್ದು 62,000 ಕ್ಕೆ. ಅದರ ಮೇಲೆ 15% ಬಯರ್ಸ್ ಪ್ರೀಮಿಯಂ (ಕೊಂಡವರು ಹರಾಜು ಕಂಪನಿಗೆ ಕೊಡುವ ಶುಲ್ಕ) 9,300, ಪ್ರೀಮಿಯಂ ಮೇಲೆ ಜಿಎಸ್‌ಟಿ 1,674, ಪ್ಯಾಕಿಂಗ್ ಮತ್ತು ಸಾಗಣೆ 2,500. ಒಟ್ಟು 75,474 ರೂಪಾಯಿ. ಒಂದು ಕೋಲಿಗೆ.

ಬಿಡ್‌ಗೆ ಮುಂಚೆ ಸ್ಥಿತಿಯ ವರದಿ ಕೇಳಿದ್ದೆ. ಕಾಲರಿನ ಮುದ್ರೆಗಳ ಹತ್ತಿರದ ಫೋಟೋ ಬೇಕು, ಕೆಳತುದಿಯ ಫೋಟೋ ಬೇಕು ಅಂತ ಬರೆದೇ ಕೇಳಿದ್ದೆ. ಬಂದ ಉತ್ತರ: ‘ವಯಸ್ಸಿಗೆ ತಕ್ಕ ಸವೆತ ಇದೆ ಸರ್, ಉತ್ತಮ ಸ್ಥಿತಿ. ಕಾಲರ್ ಮೇಲೆ ನಾಲ್ಕು ಮುದ್ರೆ ಇವೆ.’ ಜೊತೆಗೆ ಒಂದು ಮಸುಕು ಫೋಟೋ. ನಾಲ್ಕು ಪುಟ್ಟ ಗುರಾಣಿಯಾಕಾರದ ಚೌಕಟ್ಟು, ಒಳಗೆ ಏನೋ ಅಸ್ಪಷ್ಟ. ಇಂಗ್ಲಿಷ್ ಬೆಳ್ಳಿಯ ಮುದ್ರೆ ನೋಡಿದವರಿಗೆ ಆ ಸಾಲು ನೋಡಿದೊಡನೆ ಮನಸ್ಸು ತಾನೇ ತುಂಬಿಕೊಳ್ಳುತ್ತದೆ: ನಡೆಯುವ ಸಿಂಹ ಎಂದರೆ ಸ್ಟರ್ಲಿಂಗ್, ಅಂದರೆ 92.5% ಬೆಳ್ಳಿ; ಪರೀಕ್ಷೆಯಾದ ಊರಿಗೆ ಲಂಗರು ಎಂದರೆ ಬರ್ಮಿಂಗ್‌ಹ್ಯಾಮ್, ಚಿರತೆ ಮುಖ ಎಂದರೆ ಲಂಡನ್, ಆಮೇಲೆ ವರ್ಷದ ಅಕ್ಷರ, ತಯಾರಕನ ಇನಿಷಿಯಲ್. ನಾನೂ ಹಾಗೇ ತುಂಬಿಕೊಂಡೆ. ತಪ್ಪು ಅಲ್ಲೇ ಆಯಿತು.

ಕೋಲು ಬಂತು. 10 ಪಟ್ಟಿನ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ಕಾಲರ್ ನೋಡಿದೆ. ಮೊದಲ ಚೌಕಟ್ಟಿನಲ್ಲಿ ‘ಇ’. ಎರಡನೆಯದರಲ್ಲಿ ‘ಪಿ’. ಆಗಲೇ ಕೈ ತಣ್ಣಗಾಯಿತು. ಮೂರನೆಯದು ‘ಎನ್’, ನಾಲ್ಕನೆಯದು ‘ಎಸ್’. ಇಪಿಎನ್‌ಎಸ್: ಎಲೆಕ್ಟ್ರೋ ಪ್ಲೇಟೆಡ್ ನಿಕಲ್ ಸಿಲ್ವರ್. ಹೆಸರಲ್ಲಿ ಸಿಲ್ವರ್ ಇದೆ, ಲೋಹದಲ್ಲಿ ಇಲ್ಲ. ನಿಕಲ್ ಸಿಲ್ವರ್ ಎಂದರೆ ತಾಮ್ರ, ನಿಕಲ್, ಸತು, ಅಷ್ಟೇ. ಮೇಲೆ ಬೆಳ್ಳಿಯ ತೆಳು ಲೇಪ. ಅಕ್ಷರಗಳನ್ನು ಬೇರೆ ಬೇರೆ ಗುರಾಣಿಯೊಳಗೆ ಒತ್ತುವುದು ಹಳೇ ರೂಢಿ, ದೂರದಿಂದ ನೋಡಿದರೆ ಹಾಲ್‌ಮಾರ್ಕ್ ಥರ ಕಾಣುತ್ತದೆ. ಲಾಟ್, ಅಂದರೆ ಹರಾಜಿನ ವಸ್ತು, ಕೈಯಲ್ಲಿ ಹಿಡಿದು ಕ್ಯಾಟಲಾಗ್ ಬರೆದವರಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬಲ್ಲ. ನಾಲ್ಕು ಮುದ್ರೆ ಇವೆ ಅಂತ ಎಣಿಸಿದವರು ಅದರಲ್ಲಿ ಏನಿದೆ ಅಂತ ಓದಲಿಲ್ಲವೇ?

ಉಳಿದದ್ದೂ ಹಾಗೇ. ಕೆಳತುದಿಯ ಹಿತ್ತಾಳೆ ಟೊಪ್ಪಿ, ಅದೇ ಫೆರೂಲ್, ಒಂದು ಗೀರೂ ಇಲ್ಲ. ಹಿಡಿ ಮಾತ್ರ ಅಂಗೈ ಉಜ್ಜಿ ಉಜ್ಜಿ ಹೊಳಪು ಬಂದ ಹಾಗೆ ಕಾಣುತ್ತದೆ. ಹಿಡಿ ಅಷ್ಟು ಸವೆದಿದ್ದರೆ ನೆಲಕ್ಕೆ ಬಡಿಯುವ ತುದಿ ಸವೆಯದೇ ಇರುತ್ತದೆಯೇ? ಸಾಮಾನ್ಯವಾಗಿ ಅದು ಒಂದು ಪಕ್ಕಕ್ಕೆ ಓರೆಯಾಗಿ ಸವೆಯುತ್ತದೆ, ಏಕೆಂದರೆ ಮನುಷ್ಯ ಕೋಲನ್ನು ನೆಟ್ಟಗೆ ಊರುವುದಿಲ್ಲ. ಟೊಪ್ಪಿ ಬಿಚ್ಚಿಸಿದೆ. ಮಲಕ್ಕಾ ಒಂದು ಜಾತಿಯ ಬೆತ್ತ. ಅಡ್ಡ ಕೊಯ್ದ ಮುಖದಲ್ಲಿ ಉದ್ದಗಲಕ್ಕೂ ಸೂಜಿಮೊನೆಯಂಥ ರಂಧ್ರಗಳಿರಬೇಕು. ಗಿಣ್ಣುಗಳ ನಡುವಿನ ಅಂತರ ದೊಡ್ಡದಾದ್ದರಿಂದ ಒಳ್ಳೆಯ ಮಲಕ್ಕಾ ಕೋಲಿನಲ್ಲಿ ಗಿಣ್ಣೇ ಇರುವುದಿಲ್ಲ, ಉದ್ದಕ್ಕೂ ಒಂದು ಸಹಜ ಏಣು ಬೆರಳಿಗೆ ಸಿಗುತ್ತದೆ. ಇದರಲ್ಲಿ ಏಣಿಲ್ಲ. ತುದಿಯಲ್ಲಿ ಕಂಡದ್ದು ಮರದ ಉಂಗುರಗಳು. ಯಾವುದೋ ಮರ ಕಡೆದು, ಕಂದು ಮಚ್ಚೆ ಬರುವಂತೆ ಬಣ್ಣ ಹಚ್ಚಿ, ಮೇಲೆ ಲ್ಯಾಕರ್ ಬಳಿದಿದ್ದಾರೆ.

ಕೊಂಬಿನ ಹಿಡಿಯ ಒಳಬಾಗಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ, ಅಚ್ಚಿನ ಎರಡು ಭಾಗ ಕೂಡಿದ ಗುರುತು. ಕಾಯಿಸಿದ ಸೂಜಿ ತಾಗಿಸಿದರೆ ಕೊಂಬು ಸುಟ್ಟ ಕೂದಲಿನ ವಾಸನೆ ಕೊಡುತ್ತದೆ. ಇದು ಪ್ಲಾಸ್ಟಿಕ್ ವಾಸನೆ ಕೊಟ್ಟಿತು. ಬೆತ್ತ ಅಲ್ಲ, ಕೊಂಬು ಅಲ್ಲ, ಬೆಳ್ಳಿ ಅಲ್ಲ. 75,474 ರೂಪಾಯಿ.

ಈಗ ಅವರ ಉತ್ತರಗಳು. ಮೊದಲ ಮೇಲ್‌ಗೆ: ‘ಸರ್, ಎರಡು ದಿನ ಪ್ರಿವ್ಯೂ ಇತ್ತು, ತಾವು ಬಂದು ನೋಡಬೇಕಿತ್ತು.’ ಹಾಗಾದರೆ ಸ್ಥಿತಿಯ ವರದಿ ಯಾಕೆ ಕೊಟ್ಟಿರಿ ಅಂದೆ. ‘ಎಲ್ಲ ಲಾಟ್‌ಗಳೂ ಇದ್ದ ಸ್ಥಿತಿಯಲ್ಲೇ ಮಾರಾಟ ಅಂತ ನಿಯಮ 6 ರಲ್ಲಿದೆ.’ ಬೆಳ್ಳಿ ಅಂತ ಬರೆದಿದ್ದೀರಲ್ಲ ಅಂದೆ. ‘ಸಿಲ್ವರ್ ಅಂದರೆ ಬಣ್ಣವೂ ಆಗುತ್ತದೆ ಸರ್.’ ಇದನ್ನು ಬರೆದು ಕಳಿಸಿದ್ದಾರೆ, ಬಾಯಿಮಾತಲ್ಲ! 1890 ಅಂತ ಹಾಕಿದ್ದೀರಲ್ಲ ಅಂದರೆ, ‘ಅದರ ಹಿಂದೆ ಶೈಲಿ ಅಂತ ಇದೆ, ಶೈಲಿಯ ಕಾಲ ಅದು.’

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಕೊನೆಯ ಫೋನಿನಲ್ಲಿ. ನಿಜವಾಗಿ 100 ವರ್ಷ ದಾಟಿದ ಕಲಾವಸ್ತುವನ್ನು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ವಿದೇಶದಲ್ಲಿರುವ ಕನ್ನಡಿಗರು ಇದನ್ನು ನೆನಪಿಡಿ. ಪರೀಕ್ಷಿಸಲೆಂದೇ ಕೇಳಿದೆ: ಹೊರದೇಶಕ್ಕೆ ಕಳಿಸಬಹುದಾ? ‘ಏನೂ ತೊಂದರೆ ಇಲ್ಲ ಸರ್, ಪುರಾತನ ವಸ್ತು ಅಲ್ಲ ಅಂತ ಎಎಸ್‌ಐ (ಭಾರತೀಯ ಪುರಾತತ್ವ ಇಲಾಖೆ) ಸರ್ಟಿಫಿಕೇಟ್ ಮಾಡಿಸಿಕೊಡುತ್ತೇವೆ, ಈ ಥರದ್ದಕ್ಕೆ ಸುಲಭವಾಗಿ ಸಿಗುತ್ತದೆ.’ ಈ ಥರದ್ದಕ್ಕೆ! ಮಾರುವಾಗ 1890, ಕಳಿಸುವಾಗ ಪುರಾತನ ಅಲ್ಲ. ಅವರಿಗೆ ಮೊದಲಿನಿಂದ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

ಅದೇ ಕ್ಯಾಟಲಾಗಿನಲ್ಲಿ ‘ಅರಮನೆ ಮೂಲದ ಮೈಸೂರು ಬೀಟೆ ಟೀಪಾಯಿ, ಬಿಳಿ ಇನ್‌ಲೇ, 1900ರ ಸುಮಾರು’ ಅಂತ ಒಂದು ಲಾಟ್ ಇತ್ತು, ನಮ್ಮಲ್ಲಿ ಬಹಳ ಜನ ಬೀಳುವುದು ಇಂಥದ್ದಕ್ಕೆ. ‘ಬಿಳಿ ಇನ್‌ಲೇ’ ಅಂದರೆ ಏನು ಅಂತ ಬರೆದು ಕೇಳಿ. ದಂತ ಅಂದರೆ ಮಾರುವಂತೆಯೇ ಇಲ್ಲ: ವನ್ಯಜೀವಿ ಕಾಯ್ದೆಗೆ ತಂದ ತಿದ್ದುಪಡಿಗಳು ಭಾರತದ ಆನೆಯ ದಂತದ ವ್ಯಾಪಾರವನ್ನು 1986ರಲ್ಲೂ ಆಫ್ರಿಕಾದ ದಂತದ್ದನ್ನು 1991ರಲ್ಲೂ ನಿಲ್ಲಿಸಿವೆ, ವಸ್ತು ಎಷ್ಟೇ ಹಳೆಯದಿರಲಿ. ಪ್ಲಾಸ್ಟಿಕ್ ಅಂದರೆ 1900ರ ಮಾತಿನ ಮೇಲೆ ಅನುಮಾನ ಬರುತ್ತದೆ. ಅದಕ್ಕೇ ‘ಬಿಳಿ’ ಅನ್ನುತ್ತಾರೆ. ಅರಮನೆ ಮೂಲಕ್ಕೆ ಕಾಗದ ಕೇಳಿ, ಕಾಗದ ಇಲ್ಲದ ಅರಮನೆಗೆ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ. ಟೀಪಾಯಿಯನ್ನು ತಲೆಕೆಳಗು ಮಾಡಿ ನೋಡಿ. ಅಡಿಭಾಗಕ್ಕೆಲ್ಲ ಒಂದೇ ಸಮ ಕಪ್ಪು ಬಣ್ಣ ಬಳಿದಿದ್ದರೆ ಅನುಮಾನಪಡಿ, ಗಾಳಿ ಬೆಳಕು ತಾಗಿದ ಕಡೆ ಒಂದು ಬಣ್ಣ, ಮುಚ್ಚಿಕೊಂಡ ಕಡೆ ಇನ್ನೊಂದು ಇರಬೇಕು. ನಕ್ಷತ್ರ ತಲೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ದುಂಡು ಹಲಗೆಯಾದರೆ ಟೇಪ್ ಹಿಡಿದು ಎರಡು ಕಡೆ ಅಳೆಯಿರಿ: ಮರ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಹಾಗಾಗಿ ನೂರು ವರ್ಷದ ಹಲಗೆ ಪೂರ್ತಿ ದುಂಡಗೆ ಉಳಿಯುವುದು ಅಪರೂಪ.

ಇನ್ನೊಂದು. ನನ್ನ ವಿರುದ್ಧ ಬಂದ ಕೊನೆಯ ಏಳು ಬಿಡ್ ಒಂದೇ ಪ್ಯಾಡಲ್ ನಂಬರಿನಿಂದ (ಬಿಡ್ ಮಾಡುವ ಪ್ರತಿಯೊಬ್ಬರಿಗೂ ಕೊಡುವ ಸಂಖ್ಯೆ). ಅದು ಮಾರುವವರ ಕಡೆಯವರದಾ ಅಂತ ಕೇಳಿದೆ, ಮೂರು ಸಲ ಕೇಳಿದೆ, ಉತ್ತರವೇ ಇಲ್ಲ. ಮೊದಲೇ ತಿಳಿಸದೆ ಮಾರುವವರು ತಾವೇ ಬಿಡ್ ಮಾಡಿದರೆ ಆ ಮಾರಾಟವನ್ನು ಮೋಸ ಎಂದು ಪರಿಗಣಿಸಲು ಕೊಂಡವನಿಗೆ ಹಕ್ಕಿದೆ, 1930ರ ಸರಕು ಮಾರಾಟ ಕಾಯ್ದೆಯ ಕಲಂ 64 ನೋಡಿ. ವಿವರಣೆ ಕೊಟ್ಟು ಮಾರಿದ ವಸ್ತು ಆ ವಿವರಣೆಗೆ ಹೊಂದಬೇಕು, ಇದು ಕಲಂ 15. ಆ ಆಧಾರದ ಮೇಲೆ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ಎರಡು ವರ್ಷದೊಳಗೆ ಕೊಡಬೇಕು, ಇದೇ ಥರ ಆದವರು ತಡ ಮಾಡಬೇಡಿ. ಮೇಲ್, ಫೋಟೋ, ಬಿಲ್, ಕ್ಯಾಟಲಾಗಿನ ಪುಟ, ಯಾವುದನ್ನೂ ಅಳಿಸಬೇಡಿ. ನನ್ನ ಲಾಟಿನ ಪುಟವನ್ನು ಅವರು ವೆಬ್‌ಸೈಟಿನಿಂದ ತೆಗೆದಿದ್ದಾರೆ. ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದರಿಂದ ಬಚಾವಾದೆ.

ಮುಂದಿನ ಹರಾಜಿನ ಕ್ಯಾಟಲಾಗಿನಲ್ಲಿ ಮೂರು ಕೈಕೋಲುಗಳಿವೆ. ಒಂದಕ್ಕೆ ‘ಬೆಳ್ಳಿ ಕಾಲರ್, ನಾಲ್ಕು ಮುದ್ರೆ’ ಅಂತ ಬರೆದಿದೆ. ಪ್ರಿವ್ಯೂಗೆ ಹೋಗುವವರು ಲೂಪ್ ತೆಗೆದುಕೊಂಡು ಹೋಗಿ, ಆ ನಾಲ್ಕರಲ್ಲಿ ಏನಿದೆ ಅಂತ ಒಂದೊಂದಾಗಿ ಓದಿ, ಆಮೇಲೆ ಕೈ ಎತ್ತಿ.