ಹವಳದ ಟ್ಯಾಂಕಿಗೆ ಯಾವ ಬಣ್ಣದ ಟ್ಯೂಬ್: ನಾಲ್ಕು ಜೋಡಣೆಗಳ ಹೋಲಿಕೆ

ಹವಳ ಸಾಕಲೆಂದು ಉಪ್ಪುನೀರಿನ ಅಕ್ವೇರಿಯಂಗೆ ದೀಪ ಕೊಳ್ಳಲು ಹೋದವರಿಗೆ ಮೊದಲು ಎದುರಾಗುವುದು 10,000, 14,000, 20,000 ಎಂಬ ಕೆಲ್ವಿನ್ ಅಂಕಿಗಳು. ಅಂಕಿ ಏರಿದಂತೆ ಬೆಳಕು ನೀಲಿಯತ್ತ ವಾಲುತ್ತದೆ ಎಂಬುದಷ್ಟೇ ಅವುಗಳಿಂದ ತಿಳಿಯುತ್ತದೆ. ಯಾವ ತರಂಗಾಂತರದ ಬೆಳಕು ಎಷ್ಟು ಪ್ರಮಾಣದಲ್ಲಿದೆ ಎಂಬುದು ತಿಳಿಯುವುದಿಲ್ಲ. ಒಂದೇ ಅಂಕಿಯ ಎರಡು ಟ್ಯೂಬ್‌ಗಳ ಕೆಳಗೆ ಒಂದೇ ಹವಳ ಎರಡು ಬಣ್ಣವಾಗಿ ಕಂಡ ಮೇಲೆ ನಾನು ಆ ಅಂಕಿಯನ್ನು ನೆಚ್ಚುವುದನ್ನು ಬಿಟ್ಟು, ನ್ಯೂಜೆರ್ಸಿಯ ನಮ್ಮ ಮನೆಯ ಟ್ಯಾಂಕಿನಲ್ಲಿ ನಾಲ್ಕು ಜೋಡಣೆಗಳನ್ನು ಮೂರು ಮೂರು ತಿಂಗಳಂತೆ ಒಂದು ವರ್ಷ ಪರೀಕ್ಷಿಸಿದೆ. ಟ್ಯಾಂಕು 4 ಅಡಿ ಉದ್ದದ್ದು, 75 ಗ್ಯಾಲನ್, ಅಂದರೆ ಸುಮಾರು 284 ಲೀಟರ್. ಮೇಲೆ 54 ವ್ಯಾಟ್‌ನ ನಾಲ್ಕು ಟಿ5 ಟ್ಯೂಬ್‌ಗಳು (ತೆಳುವಾದ ಫ್ಲೋರೊಸೆಂಟ್ ಕೊಳವೆಗಳು), ದಿನಕ್ಕೆ 8 ಗಂಟೆ ಬೆಳಕು. ಹವಳಗಳೆಲ್ಲವೂ ಟ್ಯಾಂಕಿನಲ್ಲಿಯೇ ಬೆಳೆಸಿದ ತುಂಡುಗಳಿಂದ ಬಂದವು. ಊರಿನಲ್ಲಿರುವ ಆಸಕ್ತರು ಒಂದು ಮಾತು ನೆನಪಿಡಬೇಕು: ಭಾರತದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ; ಅವುಗಳನ್ನು ಸಮುದ್ರದಿಂದ ಕಿತ್ತು ತರುವುದು ಅಪರಾಧ.

ನೀಲಿ ಬೆಳಕಿಗೆ ಇಷ್ಟು ಮಹತ್ವ ಏಕೆಂಬುದು ನನಗೆ ಮನದಟ್ಟಾದದ್ದು ಟ್ಯಾಂಕಿನ ಮುಂದಲ್ಲ, ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಬಳಿ ಡೈವ್ ಮಾಡಿದಾಗ. ಸುಮಾರು 10 ಮೀಟರ್ ಆಳದಲ್ಲಿ ಬೂದುಬಣ್ಣದ್ದಾಗಿ ಕಾಣುತ್ತಿದ್ದ ಬಂಡೆಯ ಮೇಲೆ ಮಾರ್ಗದರ್ಶಕರು ಟಾರ್ಚ್ ಹಿಡಿದಾಗ ಅದರ ಮೈಯೆಲ್ಲ ಕೆಂಪು, ಕಿತ್ತಳೆ. ನೀರು ಕೆಂಪನ್ನು ಮೇಲಿನ ಕೆಲವೇ ಮೀಟರ್‌ಗಳಲ್ಲಿ ಹೀರಿಕೊಂಡು ನೀಲಿಯನ್ನು ಆಳಕ್ಕೆ ಬಿಡುತ್ತದೆ. ಹವಳದ ಅಂಗಾಂಶದೊಳಗೆ ವಾಸಿಸುತ್ತ ಅದಕ್ಕೆ ಆಹಾರ ಒದಗಿಸುವ ಸೂಕ್ಷ್ಮ ಪಾಚಿಗಳು ಆ ನೀಲಿಗೇ ಒಗ್ಗಿಕೊಂಡಿವೆ. ಅವುಗಳ ಕ್ಲೋರೋಫಿಲ್ ಮುಖ್ಯವಾಗಿ 430ರಿಂದ 460 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ಹೀರುತ್ತದೆ.

ಮೊದಲ ಮೂರು ತಿಂಗಳು ನಾಲ್ಕೂ 10,000 ಕೆಲ್ವಿನ್‌ನ ಬಿಳಿ ಟ್ಯೂಬ್‌ಗಳು. ಟ್ಯಾಂಕು ಹಗಲಿನಂತೆ ಬೆಳಗಿತು, ಹಳದಿ ಟ್ಯಾಂಗ್ ಮೀನು ನಿಂಬೆಹಣ್ಣಿನಂತೆ ಕಂಗೊಳಿಸಿತು. ಎಲೆಯಂತೆ ಹರಡುವ ಮಾಂಟಿಪೋರಾ ಎಂಬ ಗಟ್ಟಿ ಹವಳ ಚೆನ್ನಾಗಿಯೇ ಬೆಳೆಯಿತಾದರೂ ಅದರ ಕೆಂಪು ನಿಧಾನವಾಗಿ ಕಂದಿಗೆ ತಿರುಗಿತು. ಗಾಜಿನ ಮೇಲೆ ಪಾಚಿಯ ಪೊರೆ ಎರಡು ದಿನಕ್ಕೊಮ್ಮೆ ಒರೆಸಬೇಕಾಗುವಷ್ಟು ಕಟ್ಟುತ್ತಿತ್ತು. ಬೆಳವಣಿಗೆಯ ದೃಷ್ಟಿಯಿಂದ ಇದು ಕೆಟ್ಟ ಆಯ್ಕೆಯೇನಲ್ಲ. ಆದರೆ ಹವಳದ ಬಣ್ಣಕ್ಕಾಗಿಯೇ ಟ್ಯಾಂಕು ಇಟ್ಟವರಿಗೆ ಇದು ತೃಪ್ತಿ ಕೊಡುವುದಿಲ್ಲ.

ಎರಡನೆಯದು ನಾಲ್ಕೂ 460 ನ್ಯಾನೋಮೀಟರ್‌ನ ನೀಲಿ. ಇಲ್ಲಿ ನಾನು ಮಾಡಿದ ತಪ್ಪನ್ನು ವಿವರವಾಗಿಯೇ ಹೇಳಬೇಕು. ಟ್ಯೂಬ್ ಬದಲಿಸಿದೊಡನೆ ಟ್ಯಾಂಕು ಕತ್ತಲಾದಂತೆ ಕಂಡಿತು. ಬೆಳಕು ಸಾಲದೆಂದು ಭಾವಿಸಿ ದೀಪದ ಚೌಕಟ್ಟನ್ನು ಮೂರು ಇಂಚು ಕೆಳಗಿಳಿಸಿದೆ. ಹತ್ತು ದಿನಗಳಲ್ಲಿ ಮೇಲಿನ ಬಂಡೆಯ ಮಾಂಟಿಪೋರಾ ಬಿಳಿಚಿಕೊಂಡಿತು. ಗಾಬರಿಯಿಂದ ಪಾರ್ ಮೀಟರ್ (ಪಾಚಿಗಳು ಆಹಾರ ತಯಾರಿಸಲು ಬಳಸಬಲ್ಲ ಬೆಳಕನ್ನು ಅಳೆಯುವ ಸಾಧನ) ಎರವಲು ತಂದು ಅಳೆದಾಗ, ಬಿಳಿ ಟ್ಯೂಬ್‌ಗಳಿದ್ದಾಗ 230ರಷ್ಟಿದ್ದ ಜಾಗದಲ್ಲಿ 330 ತೋರಿಸಿತು. ನಮ್ಮ ಕಣ್ಣು ಹೆಚ್ಚು ಸ್ಪಂದಿಸುವುದು 555 ನ್ಯಾನೋಮೀಟರ್‌ನ ಹಸಿರಿಗೆ. 460ರ ನೀಲಿ ಅದಕ್ಕೆ ಮಂದವಾಗಿ ಕಾಣುತ್ತದೆ, ಹವಳಕ್ಕೆ ಮಾತ್ರ ಅದು ಉರಿಬಿಸಿಲು. ಚೌಕಟ್ಟನ್ನು ಮೇಲೆತ್ತಿ, ಅವಧಿಯನ್ನು 6 ಗಂಟೆಗೆ ಇಳಿಸಿದ ಮೇಲೆ ಬಣ್ಣ ಮರಳಲು ಆರು ವಾರ ಹಿಡಿಯಿತು. ಹಳೆಯ ಮಾದರಿಯ ಮೀಟರ್‌ಗಳು ನೀಲಿಯನ್ನು ಇರುವುದಕ್ಕಿಂತ ಕಡಿಮೆ ತೋರಿಸುವುದರಿಂದ, ಎರವಲು ತರುವವರು ಅದನ್ನೂ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಅಷ್ಟಾದರೂ ಆ ನೀಲಿಯ ಸೊಬಗನ್ನು ಅಲ್ಲಗಳೆಯಲಾರೆ. ಹವಳದಲ್ಲಿರುವ ಪ್ರತಿದೀಪಕ ಪ್ರೋಟೀನುಗಳು ನೀಲಿಯನ್ನು ಹೀರಿ ಹಸಿರು, ಕಿತ್ತಳೆಗಳಾಗಿ ಹೊರಸೂಸುತ್ತವೆ. ಬೆರಳುಗುರಿನಷ್ಟೇ ಅಗಲದ ಒಂದು ಝೋವಾಂಥಿಡ್ (ಹವಳದ ಹತ್ತಿರದ ಬಂಧು) ಪಾಲಿಪ್‌ನ, ಅಂದರೆ ಅದರ ಒಂದು ಬಿಡಿ ಜೀವಿಯ, ಅಂಚಿನಲ್ಲಿ ಹಸಿರು ಬಳೆ ಹೊತ್ತಿಕೊಂಡಂತೆ ಹೊಳೆಯುತ್ತಿತ್ತು. ಆದರೆ ಮೀನುಗಳೆಲ್ಲ ಕಪ್ಪುಛಾಯೆಯಾದವು, ಹಳದಿ ಟ್ಯಾಂಗ್‌ಗೆ ಕೊಳಕು ಹಸಿರು ಬಂದಿತು.

ಮೂರನೆಯ ಜೋಡಣೆಯಲ್ಲಿ ಎರಡು ಬಿಳಿಯ ಜೊತೆಗೆ 420 ನ್ಯಾನೋಮೀಟರ್‌ನ ಎರಡು ಆಕ್ಟಿನಿಕ್ ಟ್ಯೂಬ್‌ಗಳನ್ನು ಹಾಕಿದೆ. ಆಕ್ಟಿನಿಕ್ ನೇರಳೆ ಬೆಳಕು ಸಂಜೆಯ ಹೊತ್ತಿಗೆ ಸುಂದರ, ಆದರೆ ಅಳತೆ 160ಕ್ಕೆ ಕುಸಿಯಿತು. ಮೆದು ಹವಳಗಳಷ್ಟೇ ಇರುವ ಟ್ಯಾಂಕಿಗೆ ಇದು ಸಾಕು, ನನ್ನದಕ್ಕೆ ಸಾಲದು.

ಕೊನೆಗೆ ನಿಂತದ್ದು ಮೂರು ನೀಲಿ, ಒಂದು ಬಿಳಿ. ಅಳತೆ 260ರ ಆಸುಪಾಸು, ಮಾಂಟಿಪೋರಾದ ಕೆಂಪು ಮರಳಿತು, ಗಾಜನ್ನು ಒರೆಸುವ ಕೆಲಸ ನಾಲ್ಕು ದಿನಕ್ಕೊಮ್ಮೆ. ಬಿಳಿಯ ಬದಲು ಗುಲಾಬಿ ಟ್ಯೂಬ್ ಹಾಕುವವರಿದ್ದಾರೆ; ಮೀನುಗಳ ಕೆಂಪು ಅದರಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ನಾನು ಬಿಳಿಯನ್ನೇ ಉಳಿಸಿಕೊಂಡದ್ದಕ್ಕೆ ಬೇರೆಯೇ ಕಾರಣವಿದೆ. ನೀಲಿಯ ತಿಂಗಳುಗಳಲ್ಲಿ ‘ಟಾರ್ಚ್’ ಎಂಬ ಹೆಸರಿನ ಹವಳದ ಬುಡದಲ್ಲಿ ಅಕ್ಕಿಕಾಳಿನಷ್ಟು ಅಂಗಾಂಶ ಸವೆದು ಎಲುಬಿನಂಥ ಬಿಳಿಭಾಗ ಹೊರಬಿದ್ದಿತ್ತು. ಆ ನೀಲಿಯಲ್ಲಿ ಬಿಳಿಯೂ ನೀಲಿಯಾಗಿಯೇ ಕಾಣುತ್ತಿದ್ದುದರಿಂದ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಬಿಳಿ ಟ್ಯೂಬ್ ಹಾಕಿದ ದಿನವೇ ಬಿದ್ದಿತು.

ಎಲ್‌ಇಡಿ ಬಳಸುವವರು ಇದೇ ಪ್ರಮಾಣವನ್ನು ದೀಪದ ಬೇರೆ ಬೇರೆ ಬಣ್ಣದ ಚಾನೆಲ್‌ಗಳಲ್ಲಿ ಹೊಂದಿಸಿಕೊಳ್ಳಬಹುದು. ಟಿ5 ಉಳ್ಳವರು ಹತ್ತು-ಹನ್ನೆರಡು ತಿಂಗಳಿಗೆ ಟ್ಯೂಬ್ ಬದಲಿಸುವಾಗ ನಾಲ್ಕನ್ನೂ ಒಂದೇ ದಿನ ಬದಲಿಸದೆ, ವಾರಕ್ಕೊಂದರಂತೆ ಹಾಕಬೇಕು. ನನ್ನ ಬಿಳಿ ಟ್ಯೂಬ್‌ಗೆ ಈಗ ಪ್ರತ್ಯೇಕ ಟೈಮರ್ ಇದೆ. ಸಂಜೆ ಕೆಲಸದಿಂದ ಬಂದ ಮೇಲೆ ಅದು ಉರಿಯುವಷ್ಟು ಹೊತ್ತಿನಲ್ಲಿ ಒಂದೊಂದು ಹವಳದ ಬುಡವನ್ನೂ ನೋಡಿ ಮುಗಿಸುತ್ತೇನೆ. ಆಮೇಲೆ ಮೂರು ನೀಲಿಗಳಷ್ಟೇ ಉಳಿಯುತ್ತವೆ.