ಹಾಡು ಹಾಕಿ ಕೇಳುವ ಮೊದಲು ಸ್ಪೀಕರನ್ನು ತಲೆಕೆಳಗು ಮಾಡಿ ನೋಡಿ

ಹಳೆ ಸ್ಪೀಕರ್ ಕೊಳ್ಳುವ ಯೋಚನೆಯಲ್ಲಿ ಇರುವವರು ದಯವಿಟ್ಟು ಇದನ್ನು ಓದಿ ಹೊರಡಿ. ಬೆಂಗಳೂರಿನ ಹಳೆ ಸಾಮಾನಿನ ಅಂಗಡಿಯೊಂದರಿಂದ ಬಂದ ಜೋಡಿ ಇದು: ನೆಲದ ಮೇಲೆ ನಿಲ್ಲಿಸುವ ತ್ರೀ-ವೇ ಸ್ಪೀಕರ್ (ತಗ್ಗು, ನಡು, ಏರು ಸ್ವರಕ್ಕೆ ಬೇರೆ ಬೇರೆ ಭಾಗ ಇರುವಂಥದ್ದು), ಬೇಸ್ ಅಂದರೆ ತಗ್ಗು ಸ್ವರ ನುಡಿಸುವ 8 ಇಂಚಿನ ವೂಫರ್, 18 ಮಿ.ಮೀ. ಪಾರ್ಟಿಕಲ್ ಬೋರ್ಡಿನ ಪೆಟ್ಟಿಗೆ. ಅಂಗಡಿಯಲ್ಲಿ ಹಾಡು ಹಾಕಿದಾಗ ಎರಡೂ ಸ್ವಚ್ಛವಾಗಿ ನುಡಿದವು. ಮೂರು ವಾರ ಕಳೆಯುವಷ್ಟರಲ್ಲಿ ಬಲಗಡೆಯ ಪೆಟ್ಟಿಗೆಯ ತಳ ಬಾಯಿ ಬಿಟ್ಟಿತು. ಬೇಸ್ ಬಂದಾಗಲೆಲ್ಲ ಒಳಗಿಂದ ಬುಸ್ ಬುಸ್ ಎನ್ನುವ ಸದ್ದು.

ಸುಳಿವು ಮೊದಲ ದಿನವೇ ಕಣ್ಣೆದುರಿಗೆ ಇತ್ತು. ಪೆಟ್ಟಿಗೆಯ ಮೈಯೆಲ್ಲ ಹಳೆಯ ಮಾಸಿದ ಮರದ ಬಣ್ಣ, ತಳದ ಮೂರು ಇಂಚಿಗೆ ಮಾತ್ರ ಹೊಚ್ಚ ಹೊಸ ಕಪ್ಪು ವಿನೈಲ್ ಪಟ್ಟಿ. ಅದು ಅಂದಕ್ಕೆ ಅಂಟಿಸಿದ್ದಲ್ಲ, ಉಬ್ಬಿದ ಹಲಗೆಯನ್ನು ಮುಚ್ಚಲು ಅಂಟಿಸಿದ್ದು. ಪಟ್ಟಿ ಕಿತ್ತಾಗ 18 ಮಿ.ಮೀ. ಇರಬೇಕಾದ ಹಲಗೆ 22 ಮಿ.ಮೀ. ಆಗಿತ್ತು. ಉಗುರಿನಿಂದ ಒತ್ತಿದರೆ ರಸ್ಕಿನ ಹಾಗೆ ಉದುರುತ್ತಿತ್ತು.

ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರನ್ನು ಅಂಟಿನಲ್ಲಿ ಕಲಸಿ, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ನೀರು ಹೀರಿದಾಗ ಒತ್ತಿಟ್ಟ ಚೂರುಗಳು ಹಿಗ್ಗಿ, ನಡುವಿನ ಅಂಟನ್ನು ಹರಿದುಹಾಕುತ್ತವೆ. ಒಣಗಿಸಿದರೆ ನೀರು ಹೋದೀತು, ಹರಿದ ಅಂಟು ಕೂಡಿಕೊಳ್ಳುವುದಿಲ್ಲ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಸ್ವಲ್ಪ ವಾಸಿ, ಆದರೆ ಕತ್ತರಿಸಿದ ಅಂಚಿನಲ್ಲಿ ಅದೂ ಹೀಗೆಯೇ ಉಬ್ಬುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವದ ಬಡಾವಣೆಗಳಲ್ಲಿ ಆದಂತೆ ಮನೆಯೊಳಗೆ ನೀರು ನುಗ್ಗಿದರೇ ಹೀಗಾಗಬೇಕೆಂದೇನಿಲ್ಲ. ನಮ್ಮ ಮನೆಗಳಲ್ಲಿ ನೆಲ ದಿನಾ ಒರೆಸುತ್ತೇವೆ. ಕಾಲಿಲ್ಲದೆ ನೆಲಕ್ಕೆ ಕೂರಿಸಿದ ಪೆಟ್ಟಿಗೆ ವರ್ಷಗಟ್ಟಲೆ ಆ ಒದ್ದೆ ಬಟ್ಟೆಯ ನೀರನ್ನೇ ಕುಡಿದಿರುತ್ತದೆ.

ಆದ್ದರಿಂದ ಮೊದಲು ಪೆಟ್ಟಿಗೆ ಮಗುಚಿ. ಹಲಗೆಯ ದಪ್ಪವನ್ನು ಮೇಲೊಮ್ಮೆ, ಕೆಳಗೊಮ್ಮೆ ಅಳೆಯಿರಿ. ಒಂದು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ನೀರು ಕುಡಿದಿದೆ ಎಂದೇ ತಿಳಿಯಿರಿ. ಹಿಂಬದಿಯ ಸ್ಕ್ರೂಗಳನ್ನು ಸಾಲಾಗಿ ನೋಡಿ. ಕೆಳಗಿನವು ಮಾತ್ರ ತುಕ್ಕು ಹಿಡಿದು ಮೇಲಿನವು ಹೊಳೆಯುತ್ತಿದ್ದರೆ ನೀರು ಎಲ್ಲಿಯವರೆಗೆ ನಿಂತಿತ್ತು ಎಂಬುದಕ್ಕೆ ಅದೇ ಗುರುತು. ಬೇಸಿನ ಗಾಳಿ ಆಡಲು ಪೆಟ್ಟಿಗೆಯಲ್ಲಿ ಬಿಟ್ಟ ಪೋರ್ಟಿನ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ, ಮೂಗಿಟ್ಟು ವಾಸನೆಯನ್ನೂ ನೋಡಿ. ಮುಗ್ಗಲು ವಾಸನೆ ಬಂದರೆ ಒಳಗಿನ ಹತ್ತಿಯೂ ನೆನೆದಿದೆ. ಪ್ಲೈವುಡ್ ಪೆಟ್ಟಿಗೆಯಾದರೆ ಒಂದೆರಡು ಮಿ.ಮೀ. ತೂತು, ಅದರ ಕೆಳಗೆ ಪೌಡರಿನಂಥ ನುಣುಪು ಪುಡಿ ಇದೆಯೇ ನೋಡಿ. ಇದ್ದರೆ ಮರಹುಳು ಬಿದ್ದಿದೆ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಮನೆಯೊಳಗೆ ತರಬೇಡಿ.

ಡ್ರೈವರುಗಳ, ಅಂದರೆ ವೂಫರಿನಂಥ ಸದ್ದು ಹೊರಡಿಸುವ ಭಾಗಗಳ ಪರೀಕ್ಷೆಗೆ ಐದು ನಿಮಿಷ ಸಾಕು. ಆಂಪ್ಲಿಫೈಯರಿನ ವೈರ್ ಬಿಚ್ಚಿ, ಡ್ರೈವರಿನ ಮುಂದೆ ಅದುರುವ ಬಟ್ಟಲಿನಂಥ ಕೋನನ್ನು ಎರಡು ಕಡೆ ಬೆರಳಿಟ್ಟು ಸಮನಾಗಿ ಮೆಲ್ಲಗೆ ಒತ್ತಿ. ಕರಕರ ಎಂದರೆ ಕೋನಿನ ಹಿಂದಿನ ತಂತಿಸುರುಳಿ (ಕಾಯಿಲ್) ಉಜ್ಜುತ್ತಿದೆ, ಅಥವಾ ಪೆಟ್ಟಿಗೆ ಬಿದ್ದು ಮ್ಯಾಗ್ನೆಟ್ ಜರುಗಿದೆ. 8 ಓಮ್ ವೂಫರ್ ಮಲ್ಟಿಮೀಟರಿನಲ್ಲಿ 5.5ರಿಂದ 7 ಓಮ್ ತೋರಿಸಬೇಕು. ಕೋನಿನ ಸುತ್ತಲಿನ ಫೋಮ್ ಅಂಚನ್ನು ಬೆರಳಿನಿಂದ ಮುಟ್ಟಿ. ಜಿಗುಟಾಗಿದ್ದರೆ, ಪುಡಿಯಾದರೆ ಅದನ್ನು ಬದಲಿಸಲೇಬೇಕು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಈ ಜೋಡಿಯಲ್ಲಿ ಡ್ರೈವರುಗಳೆಲ್ಲ ಚೆನ್ನಾಗಿದ್ದವು. ಅದೇ ದಾರಿ ತಪ್ಪಿಸಿತು. ಬುಸ್ ಸದ್ದು ಕೇಳಿದ ರಿಪೇರಿಯವರು ಕಾಯಿಲ್ ಹೋಗಿದೆ ಎಂದು ವೂಫರಿನ ನಡುವಿನ ಮುಚ್ಚಳವನ್ನು (ಡಸ್ಟ್ ಕ್ಯಾಪ್) ಕೊಯ್ದರು. ಕಾಯಿಲಿಗೆ ಏನೂ ಆಗಿರಲಿಲ್ಲ, ಸುಮ್ಮನೆ ಒಂದು ಒಳ್ಳೆಯ ವೂಫರಿಗೆ ಗಾಯವಾಯಿತು. ಗಾಳಿ ಸೋರಿಕೆಯನ್ನು ಹುಡುಕಲು ಏನನ್ನೂ ಬಿಚ್ಚಬೇಕಿಲ್ಲ. ಫೋನಿನಿಂದ 40-50 ಹರ್ಟ್ಸ್ ಸ್ವರವನ್ನು ಸಣ್ಣ ದನಿಯಲ್ಲಿ ಹಾಕಿ, ಊದುಬತ್ತಿ ಹಚ್ಚಿ ಕೀಲುಗಳ ಉದ್ದಕ್ಕೂ ಹಿಡಿಯಿರಿ, ಕೋನಿಗೆ ಮಾತ್ರ ಕಿಡಿ ತಾಗದಿರಲಿ. ಸೋರುವ ಕಡೆ ಹೊಗೆಯ ಎಳೆ ಥಟ್ಟನೆ ಮುರಿದು ಅದುರುತ್ತದೆ. ಇಲ್ಲಿ ಅದು ಅದುರಿದ್ದು ತಳದ ಹಿಂಬದಿಯ ಮೂಲೆಯಲ್ಲಿ.

ಎರಡನೆಯ ತಪ್ಪು ಇನ್ನೂ ದುಬಾರಿಯಾಯಿತು. ಬಾಯಿ ಬಿಟ್ಟ ಕೀಲಿಗೆ ಬಡಗಿಗಳು ಬಳಸುವ ಬಿಳಿ ಅಂಟು ತುಂಬಿ ಕ್ಲ್ಯಾಂಪ್ ಹಾಕಲಾಯಿತು. ಬಿಳಿ ಅಂಟಿನಲ್ಲಿ ನೀರಿದೆ. ಸಡಿಲಾದ ಚೂರು ಆ ನೀರನ್ನೇ ಕುಡಿದು ಮತ್ತೆ ಉಬ್ಬಿತು, ಮರುದಿನ ಕೀಲು ಮೊದಲಿಗಿಂತ ಅಗಲವಾಗಿತ್ತು.

ಉಬ್ಬು ಮೂರು-ನಾಲ್ಕು ಮಿ.ಮೀ. ಒಳಗಿದ್ದು, ಹಲಗೆಯ ನಡುಭಾಗ ಗಟ್ಟಿಯಿದ್ದರೆ ಮಾತ್ರ ದುರಸ್ತಿಗೆ ಕೈಹಾಕಿ. ಮೊದಲು ಡ್ರೈವರುಗಳನ್ನು ಬಿಚ್ಚಿ ಬೇರೆ ಕೋಣೆಯಲ್ಲಿ ಮುಚ್ಚಿಡಿ. ಬಿಚ್ಚುವಾಗ ಸ್ಕ್ರೂಡ್ರೈವರಿನ ತುದಿಗೆ ಇನ್ನೊಂದು ಕೈಯನ್ನು ಅಡ್ಡ ಹಿಡಿದಿರಿ. ಮ್ಯಾಗ್ನೆಟ್ ಅದನ್ನು ಎಳೆದು ಕೋನಿಗೆ ಚುಚ್ಚಿಸಿಬಿಡುತ್ತದೆ, ಅದಕ್ಕೆ ಅರೆಕ್ಷಣ ಸಾಕು. ಖಾಲಿ ಪೆಟ್ಟಿಗೆಯನ್ನು ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಎರಡು ವಾರ ಒಣಗಿಸಿ. ಬಿಸಿಲಿಗೆ ಇಟ್ಟರೆ ಮೇಲೆ ಅಂಟಿಸಿದ ತೆಳು ಪದರ (ವೆನೀರ್) ಏಳುತ್ತದೆ, ಹಲಗೆ ಸೊಟ್ಟಗಾಗುತ್ತದೆ.

ಒಣಗಿದ ಮೇಲೆ ಸಡಿಲ ಹೊಟ್ಟನ್ನೆಲ್ಲ ಬ್ರಶ್ಶಿನಿಂದ ಕೆರೆದು, ನಿಧಾನವಾಗಿ ಗಟ್ಟಿಯಾಗುವ ಎರಡು ಟ್ಯೂಬಿನ ಎಪಾಕ್ಸಿ ಕಲಸಿ, ಹೇರ್ ಡ್ರೈಯರಿನಿಂದ ಸ್ವಲ್ಪ ಬೆಚ್ಚಗೆ ಮಾಡಿ ಬಿರುಕಿನೊಳಗೆ ಇಳಿಸಿ. ಬೆಚ್ಚಗಾದರೆ ತೆಳುವಾಗಿ ಆಳಕ್ಕೆ ಹೋಗುತ್ತದೆ, ಬೇಗ ಗಟ್ಟಿಯೂ ಆಗುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಿ. ಎರಡು ಕಡೆಗೂ ಪಾಲಿಥೀನ್ ಹಾಳೆ, ಅದರ ಮೇಲೆ ಪ್ಲೈವುಡ್ ತುಂಡು ಇಟ್ಟು ನಾಲ್ಕೈದು ಸಿ-ಕ್ಲ್ಯಾಂಪಿನಿಂದ ಬಿಗಿಯಿರಿ. ಹಾಳೆ ಮರೆತರೆ ಪ್ಲೈವುಡ್ ಪೆಟ್ಟಿಗೆಗೇ ಅಂಟಿಕೊಳ್ಳುತ್ತದೆ. ಒಂದು ದಿನ ಬಿಟ್ಟು ಬಿಚ್ಚಿ. ಉಳಿದ ಉಬ್ಬನ್ನು 80ರ, ಆಮೇಲೆ 180ರ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ. ಎನ್95 ಮಾಸ್ಕ್ ಹಾಕಿಕೊಂಡೇ ಉಜ್ಜಬೇಕು, ಈ ಧೂಳು ಎದೆಗೆ ಕೆಟ್ಟದ್ದು. ಮೇಲೆ ಮರದ ವೆನೀರ್ ಇದ್ದರೆ ಅದರ ದಪ್ಪ ಸುಮಾರು ಅರ್ಧ ಮಿ.ಮೀ. ಮಾತ್ರ, ಒಂದು ಕೈ ಹೆಚ್ಚಾದರೆ ಹಲಗೆ ಇಣುಕುತ್ತದೆ. ಮೂಲೆ ಮುರಿದಿದ್ದರೆ ಕಾರಿನ ಡೆಂಟಿಗೆ ಹಾಕುವ ಪಾಲಿಯೆಸ್ಟರ್ ಪುಟ್ಟಿ ಸಾಕು, ನೀರಲ್ಲಿ ಕಲಸುವ ಗೋಡೆ ಪುಟ್ಟಿ ಬೇಡ.

ಸ್ಕ್ರೂ ಹಿಡಿಯದ ತೂತಿಗೆ ಎಪಾಕ್ಸಿಯಲ್ಲಿ ಅದ್ದಿದ ಬಿದಿರಿನ ಕಡ್ಡಿ ತುಂಬಿ, ಗಟ್ಟಿಯಾದ ಮೇಲೆ ಹೊಸದಾಗಿ ಸಣ್ಣ ತೂತು ಕೊರೆಯಿರಿ. ಕ್ರಾಸ್‌ಓವರಿನಲ್ಲಿ (ಸ್ವರಗಳನ್ನು ಆಯಾ ಡ್ರೈವರಿಗೆ ಹಂಚುವ ಒಳಗಿನ ಸರ್ಕ್ಯೂಟ್) ಕೆಪಾಸಿಟರ್ ಬದಲಿಸುವುದಾದರೆ ಅದೇ ಮೈಕ್ರೋಫ್ಯಾರಡ್, 100 ವೋಲ್ಟಿನ ನಾನ್-ಪೋಲಾರ್ ಅಥವಾ ಫಿಲ್ಮ್ ಹಾಕಿಸಿ. ಪ್ಲಸ್ ಮೈನಸ್ ಗುರುತಿರುವ ಮಾಮೂಲಿ ಕೆಪಾಸಿಟರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಈ ಜೋಡಿಯಲ್ಲಿ ಎಡಗಡೆಯದೂ ಉಬ್ಬಿತ್ತು, ಅದು ಹೀಗೆ ಉಳಿಯಿತು. ಬಲಗಡೆಯದರ ಕೊಳೆತ ತಳವನ್ನು ಕೊಯ್ದು ತೆಗೆದು ಹೊಸ ಹಲಗೆ ಕೂರಿಸಬೇಕಾಯಿತು. ಅದಕ್ಕೆ ಬಳಸಿದ್ದು ಐಎಸ್ 710 (ಭಾರತೀಯ ಮಾನಕ) ಮುದ್ರೆಯ, ನೀರು ತಡೆಯುವ 18 ಮಿ.ಮೀ. ಮರೀನ್ ಪ್ಲೈವುಡ್. ದಪ್ಪ ಬೇರೆ ತೆಗೆದುಕೊಂಡು ಒಳಗಿನ ಜಾಗ ಬದಲಾದರೆ, ಪೋರ್ಟಿನ ಉದ್ದ ಬದಲಾದರೆ ಬೇಸ್ ಕೂಡ ಬದಲಾಗುತ್ತದೆ. ಎಲ್ಲ ಕೀಲಿನ ಒಳಮೂಲೆಗೂ ಸಿಲಿಕೋನ್ ಗೆರೆ ಎಳೆದು, ಅದರ ಹುಳಿ ವಾಸನೆ ಪೂರ್ತಿ ಹೋದ ಮೇಲೆ ಡ್ರೈವರ್ ಕೂರಿಸಲಾಯಿತು. ಕೊಳ್ಳಲು ಕೊಟ್ಟಿದ್ದಕ್ಕಿಂತ ಹೆಚ್ಚಿನ ಹಣ ಈ ಕೆಲಸಕ್ಕೇ ಹೋಯಿತು. ಈಗ ಎರಡರ ಕೆಳಗೂ 25 ಮಿ.ಮೀ. ರಬ್ಬರ್ ಕಾಲುಗಳಿವೆ, ನೆಲ ಒರೆಸುವ ಬಟ್ಟೆ ಹಲಗೆಗೆ ತಾಗದೆ ಅಡಿಯಲ್ಲೇ ಹಾದುಹೋಗುತ್ತದೆ.